ಪುಕ್ಕಟೆ ಸಿಕ್ಕ ಹಳೆ ಆರ್ಗನ್: ಐದೂವರೆ ಮನೆ ಶ್ರುತಿಗೆ ಇಳಿಸೋದು ಹೇಗೆ?

ಪೆಡಲ್_ಪುಟ್ಟ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ, ಕಾಫಿ ಹಿಡಿದುಕೊಂಡು ಓದಿ.

ನಾನು ಇರೋದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ನಮ್ಮಲ್ಲಿ ಹೊಲಿಗೆ ಮಷೀನು ಇದ್ದ ಹಾಗೆ, ಇಲ್ಲಿ ಒಂದು ಕಾಲಕ್ಕೆ ಎಷ್ಟೋ ಮನೆಗಳಲ್ಲಿ ಎಲೆಕ್ಟ್ರಿಕ್ ಆರ್ಗನ್ ಇರುತ್ತಿತ್ತು. ಈಗ ಅಜ್ಜ-ಅಜ್ಜಿ ಹೋದ ಮೇಲೆ ಮಕ್ಕಳಿಗೆ ಅದು ಬೇಡ. 'ಗ್ರಾಟಿಸ್ ಆಫ್ ತೆ ಹಾಲೆನ್' ಅಂತ ಜಾಹೀರಾತು ಹಾಕುತ್ತಾರೆ. ದುಡ್ಡು ಬೇಡ, ಬಂದು ಎತ್ತಿಕೊಂಡು ಹೋಗಿ ಅಂತ ಅರ್ಥ. ಎತ್ತಿಕೊಂಡು ಹೋಗೋದೇ ಕಷ್ಟ, ಅದಕ್ಕೇ ಪುಕ್ಕಟೆ. ಎರಡು ಸಾಲು ಕೀಲಿಮಣೆ, ಕೆಳಗೆ 13 ಪೆಡಲ್, ಸುತ್ತ ತೇಗದ ಬಣ್ಣದ ಪೆಟ್ಟಿಗೆ. ಮೂರು ಜನ ಸೇರಿ ಮೆಟ್ಟಿಲು ಹತ್ತಿಸಿದೆವು. ಮೂರನೆಯವನು ಇವತ್ತಿಗೂ ನನ್ನ ಫೋನ್ ಎತ್ತುವುದಿಲ್ಲ.

ಹೆಸರಿನ ಬಿಲ್ಲೆ ಎಲ್ಲೋ ಬಿದ್ದುಹೋಗಿದೆ. ಒಳಗಿನ ಬಿಡಿಭಾಗ ನೋಡಿದರೆ ಎಪ್ಪತ್ತರ ದಶಕದ ಕೊನೆಯದ್ದು. ಧೂಳು ಹೊಡೆದು, ಕೀಲಿಗಳ ಕೆಳಗಿನ ಕಾಂಟ್ಯಾಕ್ಟ್ ಒರೆಸಿದ ಮೇಲೆ ಚೆನ್ನಾಗಿಯೇ ನುಡಿಯುತ್ತಿದೆ. ಫ್ಲೂಟ್ ಅನ್ನೋ ಗುಂಡಿ ಒತ್ತಿದರೆ ಮನೆಯ ನೆಲವೇ ಗುಂಯ್ ಅನ್ನುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮ ಹಾಸನದಿಂದ ಬಂದಿದ್ದಾರೆ. 90 ದಿನದ ವೀಸಾ, ಅದರಲ್ಲಿ 20 ಆಗಲೇ ಹೋಯಿತು. ಅಮ್ಮ ದಿನಾ ಬೆಳಗ್ಗೆ ಹಾರ್ಮೋನಿಯಂ ಇಟ್ಟುಕೊಂಡು ದೇವರನಾಮ ಹಾಡಿಕೊಳ್ಳುವವರು. ಇಲ್ಲಿ ಹಾರ್ಮೋನಿಯಂ ಇಲ್ಲ. ಫೋನಿನ ತಂಬೂರಿ ಆ್ಯಪ್ ಹಾಕಿಕೊಟ್ಟರೆ 'ಸೊಳ್ಳೆ ಕೂತ ಹಾಗಿದೆ' ಅಂದರು. ಆರ್ಗನ್ ನೋಡಿ ಖುಷಿಯಾಯಿತು. ಆದರೆ ಅವರ ಬೆರಳಿಗೆ ಗೊತ್ತಿರೋದು ಒಂದೇ ಜಾಗ. ಸಿ ಕೀಲಿಯೇ ಷಡ್ಜ. ಊರಿನ ಹಾರ್ಮೋನಿಯಂ ಅವರ ಐದೂವರೆ ಮನೆಗೆ, ಅಂದರೆ ಜಿ ಶಾರ್ಪ್ ಷಡ್ಜಕ್ಕೆ, ಸರಿಯಾಗಿ ಜರುಗಿಸಿಟ್ಟಿದ್ದು. ಇಲ್ಲಿ ಸಿ ಒತ್ತಿದರೆ ಸಿ ಬರುತ್ತದೆ, ಗಂಟಲು ಜಿ ಶಾರ್ಪ್ ಕೇಳುತ್ತದೆ. ಕಪ್ಪು ಕೀಲಿಯಿಂದ ಶುರು ಮಾಡಿ ಅಂದರೆ, 'ಅರವತ್ತೆಂಟಕ್ಕೆ ಎಡಗೈಲಿ ಊಟ ಮಾಡು ಅಂತೀಯಲ್ಲ' ಅಂತ ಬೈದರು.

ಹಿಂದಿನ ಹಲಗೆ ಬಿಚ್ಚಿ ನೋಡಿದೆ. ಒಂದು ಬೋರ್ಡಿನ ಮೇಲೆ 16 ಕಾಲಿನ ಚಿಪ್ ಇದೆ, ಮೇಲೆ ಎಂಕೆ50240 ಅಂತ ಬರೆದಿದೆ. ಅದರ ಪಕ್ಕ ಒಂದು ಕಾಯಿಲ್, ಕಾಯಿಲ್ ಒಳಗೆ ಸ್ಕ್ರೂ ತರಹದ ಫೆರೈಟ್. ಅದನ್ನು ಚೂರು ತಿರುಗಿಸಿದೆ. ಇಡೀ ಆರ್ಗನ್ನಿನ ಶ್ರುತಿ ಒಟ್ಟಿಗೆ ಅಲುಗಿತು! ಹೆದರಿ ವಾಪಸ್ ತಿರುಗಿಸಿದೆ.

ನನ್ನ ಪ್ರಶ್ನೆ: ಆ ಕಾಯಿಲ್ ಜಾಗದಲ್ಲಿ ಒಂದು ನಾಬ್ ಹಾಕಿ ನಾಲ್ಕು ಸ್ವರಸ್ಥಾನ ಕೆಳಗೆ ಇಳಿಸಬಹುದಾ? ಹಾಗೆ ಮಾಡಿದರೆ ಏನಾದರೂ ಸುಟ್ಟುಹೋಗುತ್ತದಾ? ನಾನು ಸಾಫ್ಟ್‌ವೇರ್ ಮನುಷ್ಯ. ಬೆಸುಗೆ ಹಾಕಲು ಬರುತ್ತದೆ, ಚೆಂದ ಬರುವುದಿಲ್ಲ.

ಇನ್ನೊಂದು ಮಾತು. ಸ ಮತ್ತು ಗ ಒಟ್ಟಿಗೆ ಒತ್ತಿದರೆ ಅಮ್ಮ ಮುಖ ಹಿಂಡುತ್ತಾರೆ. 'ಈ ಗಾಂಧಾರಕ್ಕೆ ಚಳಿ ಹಿಡಿದಿದೆ ಕಣೋ, ನಡುಗ್ತಿದೆ' ಅನ್ನುತ್ತಾರೆ. ಸ್ವರ ಅಲುಗಿಸುವ ವೈಬ್ರೇಟೋ ಗುಂಡಿ ಆಫ್ ಇದೆ, ಎರಡು ಸಲ ನೋಡಿದೆ. ಇದೇನು?

ಸೋಲ್ಡರ್_ಸೀನ:

ಗುರೂ, ಟ್ರಾನ್ಸ್‌ಪೋಸ್ ಬಟನ್ ಇರೋ ಕೀಬೋರ್ಡ್ ಒಂದು ತಗೋ. ಎರಡು ನಿಮಿಷದ ಕೆಲಸ. ಆರ್ಗನ್ ಮೇಲೆ ಬಟ್ಟೆ ಒಣಗಿಸು.

ಹಳೇ_ವಾಲ್ವ್:

ಸೀನಪ್ಪ, ಎರಡು ನಿಮಿಷದ ಕೆಲಸ ಬೇಕಿದ್ದವರು ಈ ಜಾಗಕ್ಕೆ ಬರಲ್ಲ.

ಪುಟ್ಟ, ನಾನು ಬೆಂಗಳೂರಿನವನು. ನಲವತ್ತು ವರ್ಷ ಆರ್ಕೆಸ್ಟ್ರಾಗಳ ಆಂಪ್ಲಿಫೈಯರ್, ಚರ್ಚುಗಳ ಆರ್ಗನ್, ಸಿಕ್ಕಿದ್ದೆಲ್ಲ ರಿಪೇರಿ ಮಾಡಿದ್ದೇನೆ. ಈಗ ಕೈ ನಡುಗುತ್ತದೆ, ಬಾಯಿ ಮಾತ್ರ ಚೆನ್ನಾಗಿದೆ. ನಿಮಗೆ ಸಿಕ್ಕಿರೋದು ಒಳ್ಳೆ ಮಾಲು. ಎಲ್ಲಾ ಆರ್ಗನ್‌ನಲ್ಲಿ ನೀವು ಕೇಳಿದ್ದು ಆಗಲ್ಲ. ಹ್ಯಾಮಂಡ್‌ನ ಹಳೆಯ ಆರ್ಗನ್ನುಗಳಲ್ಲಿ ಮೋಟಾರು ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ, ಶ್ರುತಿ ಕರೆಂಟಿನ ಹರ್ಟ್ಸ್‌ಗೆ ಕಟ್ಟಿಹಾಕಿದ ಹಾಗೆ. ಆಮೇಲಿನ ಟ್ರಾನ್ಸಿಸ್ಟರ್ ಆರ್ಗನ್‌ಗಳಲ್ಲಿ ಹನ್ನೆರಡು ಸ್ವರಕ್ಕೆ ಹನ್ನೆರಡು ಆಸಿಲೇಟರ್ (ಕಂಪನ ಹುಟ್ಟಿಸುವ ಸರ್ಕ್ಯೂಟ್). ಶ್ರುತಿ ಬದಲಿಸಬೇಕಾದರೆ ಹನ್ನೆರಡನ್ನೂ ತಿರುಗಿಸಿ, ಅಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ನಿಮ್ಮದರಲ್ಲಿ ಒಂದೇ ಗಡಿಯಾರ.

ಆ ಚಿಪ್ಪಿನ ಕೆಲಸ ಬಹಳ ಸರಳ. ಸುಮಾರು 2 ಮೆಗಾಹರ್ಟ್ಸ್‌ನ ಒಂದು ಕ್ಲಾಕ್, ಅಂದರೆ ಒಂದೇ ಸಮನೆ ಬಡಿಯುವ ಮಿಡಿತ, ಒಳಗೆ ಹೋಗುತ್ತದೆ. ಲೆಕ್ಕದಲ್ಲಿ ಬರೆಯುವುದು 2.00024 ಅಂತ. ಒಳಗೆ 13 ಭಾಗಾಕಾರ. ಒಂದು 478ರಿಂದ ಭಾಗಿಸುತ್ತದೆ, ಅದು ಸಿ. ಮುಂದಿನದು 451, ಆಮೇಲೆ 426, 402, 379, 358, 338, 319, 301, 284, 268, 253. ಕೊನೆಗೆ 239, ಮೇಲಿನ ಸಿ. 478ರ ಸರಿಯಾಗಿ ಅರ್ಧ, ನೋಡಿ. ಇಷ್ಟೇ. ಇದು ಮೇಲ್ತುದಿಯ ಒಂದು ಸ್ಥಾಯಿ. ಕೆಳಗಿನ ಸ್ಥಾಯಿಗಳನ್ನೆಲ್ಲ ಪಕ್ಕದ ಚಿಪ್ಪುಗಳು ಎರಡು ಎರಡರಿಂದ ಭಾಗಿಸಿ ಇಳಿಸುತ್ತವೆ. ಬೋರ್ಡಿನಲ್ಲಿ 4024 ಅಂತಲೋ ಏನೋ ಹನ್ನೆರಡು ಸಾಲಾಗಿ ಕೂತಿರುತ್ತವೆ, ಹೌದಾ?

ಅಂದಮೇಲೆ ಕ್ಲಾಕ್ ನಿಧಾನ ಮಾಡಿದರೆ ಎಲ್ಲಾ ಕೀಲಿಯೂ ಒಂದೇ ಅಳತೆಯಲ್ಲಿ ಇಳಿಯುತ್ತದೆ. ಸ್ಕೇಲ್ ಚೇಂಜರ್ ಹಾರ್ಮೋನಿಯಂ ನೋಡಿದ್ದೀರಲ್ಲ? ಅಲ್ಲಿ ರೀಡು ಇದ್ದಲ್ಲೇ ಇರುತ್ತದೆ, ಕೀಲಿಮಣೆ ಜರುಗುತ್ತದೆ. ಇಲ್ಲಿ ಕೀಲಿಮಣೆ ಇದ್ದಲ್ಲೇ, ರೀಡುಗಳೇ ಒಟ್ಟಿಗೆ ಉದ್ದ ಗಿಡ್ಡ ಆದ ಹಾಗೆ. ಐದೂವರೆ ಅಂದರೆ ನಾಲ್ಕು ಸ್ವರಸ್ಥಾನ ಕೆಳಗೆ. 2.00024ನ್ನು 1.26ರಿಂದ ಭಾಗಿಸಿ, 1.588 ಮೆಗಾಹರ್ಟ್ಸ್ ಬರುತ್ತದೆ. ಚಿಪ್ಪಿಗೆ ಏನೂ ಆಗಲ್ಲ. ಮೇಲೆ ಮಾತ್ರ 2.5 ದಾಟಿಸಬೇಡಿ.

ಕಾಯಿಲ್ ಮುಟ್ಟಬೇಡಿ. ಆ ಸ್ಕ್ರೂನಲ್ಲಿ ಅಷ್ಟು ಇಳಿಯಲ್ಲ, ಫೆರೈಟ್ ಮುರಿಯುತ್ತದೆ. ಎಲ್‌ಟಿಸಿ1799 ಅಂತ ಪುಟ್ಟ ಆಸಿಲೇಟರ್ ಚಿಪ್ ಸಿಗುತ್ತದೆ, ಒಂದು ರೆಸಿಸ್ಟರ್ ಹಾಕಿದರೆ ಅದರ ಲೆಕ್ಕಕ್ಕೆ ಕ್ಲಾಕ್ ಕೊಡುತ್ತದೆ. ಭಾಗಿಸುವ ಕಾಲನ್ನು 1ಕ್ಕೆ ಇಟ್ಟರೆ, 50 ಕಿಲೋಓಮ್‌ಗೆ ಸರಿಯಾಗಿ 2 ಮೆಗಾಹರ್ಟ್ಸ್. 63ಕ್ಕೆ ನಿಮ್ಮ ತಾಯಿಯ ಐದೂವರೆ. ನಾನಾಗಿದ್ದರೆ 43 ಕಿಲೋಓಮ್ ಗಟ್ಟಿಯಾಗಿ ಬೆಸೆದು, ಅದರ ಜೊತೆಗೆ 50 ಕಿಲೋಓಮ್‌ನ ಹತ್ತು ಸುತ್ತಿನ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕುತ್ತಿದ್ದೆ. ಮೇಲೆ ಎರಡೂವರೆ ಸ್ವರಸ್ಥಾನ, ಕೆಳಗೆ ಹತ್ತಕ್ಕೂ ಜಾಸ್ತಿ. ನಾಬ್ ಕೊನೆ ಮುಟ್ಟಿದರೂ 2.33 ದಾಟಲ್ಲ, ಚಿಪ್ ಕ್ಷೇಮ. ಒಂದೇ ಸುತ್ತಿನ ಪಾಟ್ ಹಾಕಬೇಡಿ, ಶ್ರುತಿ ಸೇರಿಸುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ.

ಎರಡು ಎಚ್ಚರಿಕೆ. ಎಲ್‌ಟಿಸಿಗೆ 5 ವೋಲ್ಟ್ ಮಾತ್ರ. ನಿಮ್ಮ ಆರ್ಗನ್ ಚಿಪ್ಪಿಗೆ 12 ಅಥವಾ 15 ಬರುತ್ತಿರುತ್ತದೆ, ಅಳೆದು ನೋಡಿ. 5ನ್ನು 12ಕ್ಕೆ ಎತ್ತಲು 2ಎನ್7000 ಟ್ರಾನ್ಸಿಸ್ಟರ್ ಒಂದು, ಡ್ರೇನಿಗೆ 1 ಕಿಲೋಓಮ್. ಕೈಗೆ ಸಿಕ್ಕ ಬಿ.ಸಿ.547 ಟ್ರಾನ್ಸಿಸ್ಟರ್ ಹಾಕಿ ಆಮೇಲೆ ನನ್ನ ಹತ್ತಿರ ಅಳಬೇಡಿ, ಈ ವೇಗಕ್ಕೆ ಅದು ಏದುಸಿರು ಬಿಡುತ್ತದೆ. ಇನ್ನೊಂದು, ನಿಮ್ಮಲ್ಲಿ 230 ವೋಲ್ಟ್. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಆಮೇಲೆ ಕೈ ಹಾಕಿ.

ಗಾಂಧಾರದ ಚಳಿ ಬಗ್ಗೆ ಮೊದಲು ಇದು ಮುಗಿಸಿ, ಆಮೇಲೆ ಹೇಳುತ್ತೇನೆ. ನಿಮ್ಮ ತಾಯಿಯ ಕಿವಿ ಸರಿಯಾಗಿದೆ.

ತಂಬೂರಿ_ಶಿವಮೊಗ್ಗ:

ನಾನು ಪಾಠ ಹೇಳುವವಳು, ವೈರು ಚಿಪ್ಪು ಗೊತ್ತಿಲ್ಲ. ಆದರೂ ಒಂದು ಮಾತು. ಪುಟ್ಟ ಅವರೇ, ನಿಮ್ಮ ತಾಯಿಗೆ ಬೇಕಿರೋದು ಶ್ರುತಿಗೆ, ದೇವರನಾಮದ ಜೊತೆಗೆ. ಅಷ್ಟಕ್ಕೆ ಸರಿ. ನಾಬ್ ತಿರುಗಿಸಿದರೆ ಸ್ವರ ಜಾರುತ್ತದೆ ಅಂತ ಗೊತ್ತಾದ ಮೇಲೆ ನೀವು ಗಮಕ ಹಾಕಲು ಹೊರಡುತ್ತೀರಿ, ನನಗೆ ಗೊತ್ತು. ನನ್ನ ಶಿಷ್ಯನೊಬ್ಬ ಕೀಬೋರ್ಡಿನ ಚಕ್ರ ತಿರುಗಿಸಿ ತೋಡಿ ನುಡಿಸಿದ್ದ. ಎರಡು ದಿನ ತಲೆನೋವು ನನಗೆ.

ಹಾರ್ಮೋನಿಯಂ ಮೇಲೆ ಇದೇ ದೂರಿತ್ತಲ್ಲ. ಜಾರು ಇಲ್ಲ, ಸ್ವರಗಳು ನಮ್ಮವಲ್ಲ ಅಂತ. 1940ರಲ್ಲಿ ರೇಡಿಯೋದವರು ಅದನ್ನು ಬಾಗಿಲ ಹೊರಗೆ ಇಟ್ಟರು, ನಿಷೇಧ ಸಡಿಲವಾಗಿದ್ದು 1971ರಲ್ಲಿ. ಅಷ್ಟೂ ವರ್ಷ ಮನೆಗಳಲ್ಲಿ, ಭಜನೆಯಲ್ಲಿ, ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ನಡೆದೇ ಇತ್ತು. ಅದಕ್ಕೇ ಬೇಡ ಅನ್ನಲ್ಲ.

ನನ್ನ ನಿಜವಾದ ಪ್ರಶ್ನೆ ಬೇರೆ. ಎಲ್ಲಾ ಕೀಲಿಗೂ ಒಂದೇ ಗಡಿಯಾರ ಅಂದಿರಿ. ಎಡಗೈಯಲ್ಲಿ ಸ-ಪ ಹಿಡಿದು, ಬಲಗೈಯ ಸ್ವರಕ್ಕೆ ಜಾರು ಕೊಟ್ಟರೆ ಸ-ಪ ಕೂಡ ಜಾರುತ್ತದೆ ತಾನೆ? ತಂಬೂರಿ ಜಾರಿದರೆ ಏನು ಉಳಿಯಿತು?

ಹಳೇ_ವಾಲ್ವ್:

ಅಮ್ಮಾ, ಗೊತ್ತಿಲ್ಲ ಗೊತ್ತಿಲ್ಲ ಅಂತಲೇ ಆಯಕಟ್ಟಿನ ಜಾಗಕ್ಕೇ ಹೊಡೆದಿರಿ. ಹೌದು, ಜಾರುತ್ತದೆ. ಅದಕ್ಕೆ ಎರಡನೇ ಗಡಿಯಾರ ಬೇಕು. ಪುಟ್ಟ ಮೊದಲನೆಯದು ಹಾಕಿ ಬರಲಿ.

ಪೆಡಲ್_ಪುಟ್ಟ:

ಎಂಟು ದಿನ ಕಾಣೆಯಾಗಿದ್ದೆ. ವರದಿ ಒಪ್ಪಿಸುತ್ತೇನೆ.

ಮೊದಲ ಎಲ್‌ಟಿಸಿ ಸತ್ತಿತು. 12 ವೋಲ್ಟನ್ನು 5ಕ್ಕೆ ಇಳಿಸುವ 78ಎಲ್05ರ ಕಾಲು ಉಲ್ಟಾ ಹಾಕಿದ್ದೆ, 12 ವೋಲ್ಟ್ ನೇರ ಹೋಯಿತು. ಹೊಗೆ ಕೂಡ ಬರಲಿಲ್ಲ, ಅಷ್ಟು ಸಣ್ಣದು. ಎಳ್ಳಿನ ಹಾಗೆ ಇದೆ. ಎರಡು ತರಿಸಿದ್ದೆ, ವಾಲ್ವ್ ಸಾರ್ ಹೇಳದೆ ಇದ್ದರೂ ನನ್ನ ಬಗ್ಗೆ ನನಗೆ ಗೊತ್ತು.

ಎರಡನೆಯದು ಕೂತಿತು. ಕ್ಲಾಕ್ ಬರುವ ದಾರಿಯನ್ನು ಬ್ಲೇಡಿನಿಂದ ಕತ್ತರಿಸಿ, ಒಂದು ಸಣ್ಣ ಸ್ವಿಚ್ ಹಾಕಿದೆ. ಒಂದು ಕಡೆ ಹಳೆ ಕಾಯಿಲ್, ಇನ್ನೊಂದು ಕಡೆ ಹೊಸದು. ಯಾವತ್ತಾದರೂ ಯಾರಿಗಾದರೂ ಕೊಡಬೇಕಾದರೆ ಮೊದಲಿದ್ದ ಹಾಗೆ ಇರಲಿ ಅಂತ. ನಾಬ್ ಪೆಡಲ್ ಬದಿಯ ಹಲಗೆಯಲ್ಲಿದೆ. ಅಮ್ಮನ ಹತ್ತಿರ ಷಡ್ಜ ಹಾಡಿಸಿ, ನಾನು ಕೆಳಗೆ ಬಗ್ಗಿ ತಿರುಗಿಸುತ್ತಾ ಹೋದೆ. 'ಇನ್ನೂ... ಇನ್ನೂ... ನಿಲ್ಲಿಸು.' ಮೀಟರ್ ಹಿಡಿದು ನೋಡಿದರೆ 62.6 ಕಿಲೋಓಮ್. ಸಾರ್, ನಿಮ್ಮ 63!

ಆವತ್ತು ಅಮ್ಮ ಒಂದೂವರೆ ಗಂಟೆ ಏಳಲಿಲ್ಲ. ಸಾರಿಗೆ ಒಗ್ಗರಣೆ ನಾನೇ ಹಾಕಿದೆ.

ನನಗೆ ಆಶ್ಚರ್ಯ ಅನಿಸಿದ್ದು ಸದ್ದಿನ ಬಣ್ಣ ಬದಲಾದದ್ದು. ಕೆಳಗೆ ಇಳಿಸಿದ ಹಾಗೆ ಫ್ಲೂಟ್ ಗುಂಡಿಯ ದನಿ ಫ್ಲೂಟಿನ ಹಾಗೆ ಉಳಿಯುವುದಿಲ್ಲ, ಸ್ವಲ್ಪ ಒರಟು, ಸ್ವಲ್ಪ ಮೂಗಿನ ದನಿ ಆಗುತ್ತದೆ. ಯೋಚನೆ ಮಾಡಿದೆ. ಗುಂಡಿಗಳ ಹಿಂದಿನ ಫಿಲ್ಟರ್‌ಗಳು ಇದ್ದ ಜಾಗದಲ್ಲೇ ಇವೆ. ಅವು ಅಷ್ಟೇ ಎತ್ತರದಲ್ಲಿ ಕತ್ತರಿಸುತ್ತವೆ. ಸ್ವರ ಕೆಳಗಿಳಿದರೆ ಅದರ ಜೊತೆಗೇ ಮೊಳಗುವ ಮೇಲಿನ ಹಾರ್ಮೋನಿಕ್‌ಗಳು ಜಾಸ್ತಿ ನುಸುಳುತ್ತವೆ. ಅದಕ್ಕೇ ಇದು ಹಾರ್ಮೋನಿಯಂ ಕಡೆಗೆ ವಾಲಿದೆ. ಟೇಪನ್ನು ನಿಧಾನ ಓಡಿಸಿದ ಹಾಗೆ ಅಲ್ಲವೇ ಅಲ್ಲ. ಟ್ರಾನ್ಸ್‌ಪೋಸ್ ಬಟನ್‌ನಲ್ಲಿ ಇದು ಸಿಗುತ್ತಿತ್ತಾ, ಸೀನಣ್ಣ?

ರಾತ್ರಿ ಅಮ್ಮ ಮಲಗಿದ ಮೇಲೆ ಹೆಡ್‌ಫೋನ್ ಹಾಕಿ, ಭಾಗಿಸುವ ಕಾಲನ್ನು 10ಕ್ಕೆ ಬದಲಿಸಿ ನೋಡಿದೆ. ಮೂರು ಸ್ಥಾಯಿಗಿಂತ ಕೆಳಗೆ! ಪೆಡಲ್ ಒತ್ತಿದರೆ ಸ್ವರವೇ ಇಲ್ಲ, ಟಕ ಟಕ ಟಕ ಅಂತ ಬಡಿತ. ಮೇಲಿನ ಕೀಲಿಗಳು ಹಡಗಿನ ಹಾರ್ನ್. ಇದಕ್ಕೂ ಅಮ್ಮನಿಗೂ ಸಂಬಂಧವಿಲ್ಲ. ಸುಮ್ನೆ ಹೇಳಿದೆ.

ಇದರಲ್ಲಿ 'ಎನ್ಸೆಂಬಲ್' ಅಂತ ಒಂದು ಗುಂಡಿಯೂ ಇದೆ, ಒತ್ತಿದರೆ ಒಬ್ಬನೇ ಹತ್ತು ಜನರಾಗುತ್ತಾನೆ. ಒಳಗೆ ಬಕೆಟ್ ಬ್ರಿಗೇಡ್ ಚಿಪ್ಪುಗಳು. ಮನೆ ಕಟ್ಟುವಾಗ ಸಾಲಾಗಿ ನಿಂತು ಇಟ್ಟಿಗೆ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಸದ್ದನ್ನು ಒಂದು ಕೆಪಾಸಿಟರ್‌ನಿಂದ ಇನ್ನೊಂದಕ್ಕೆ ದಾಟಿಸಿ ತಡ ಮಾಡುವುದು. ಇದನ್ನು ಕಂಡುಹಿಡಿದದ್ದು ಇದೇ ಊರಿನ ಫಿಲಿಪ್ಸ್ ಲ್ಯಾಬಿನ ಸ್ಯಾಂಗ್‌ಸ್ಟರ್ ಮತ್ತು ಟೀರ್, 1969ರಲ್ಲಿ. ಆ ಲ್ಯಾಬಿನ ಇನ್ನೂ ಹಳೆಯ ಕಟ್ಟಡ ನನ್ನ ಸೈಕಲ್ ದಾರಿಯಲ್ಲಿದೆ, ಈಗ ಅಲ್ಲಿ ಸಿನಿಮಾ ತೋರಿಸುತ್ತಾರೆ. ಈ ಗುಂಡಿ ಮಾತ್ರ ಅಮ್ಮನಿಗೆ ಬಹಳ ಇಷ್ಟ. 'ಭಜನಾ ಮಂಡಳಿ ಹಾಕು' ಅನ್ನುತ್ತಾರೆ.

ಎರಡು ಸಮಸ್ಯೆ. ಹೊಸ ಕ್ಲಾಕ್‌ನಲ್ಲಿ ವೈಬ್ರೇಟೋ ಕೆಲಸ ಮಾಡುತ್ತಿಲ್ಲ. ಮತ್ತೆ ಗಾಂಧಾರಕ್ಕೆ ಚಳಿ ಬಿಟ್ಟಿಲ್ಲ.

ಹಳೇ_ವಾಲ್ವ್:

ವೈಬ್ರೇಟೋ ಹೋಗಲೇಬೇಕು. ಅದು ಆ ಕಾಯಿಲ್ ಆಸಿಲೇಟರನ್ನೇ ಅಲುಗಿಸುತ್ತಿತ್ತು, ನೀವು ಅದನ್ನು ಬಿಟ್ಟು ಬೇರೆ ದಾರಿ ಹಿಡಿದಿರಿ. ವೈಬ್ರೇಟೋ ತಂತಿಯನ್ನು ಒಂದು ಕೆಪಾಸಿಟರ್ ಮತ್ತು 1 ಮೆಗಾಓಮ್ ಮೂಲಕ ಎಲ್‌ಟಿಸಿಯ ರೆಸಿಸ್ಟರ್ ಕಾಲಿಗೆ ಕೊಡಿ. ಜಾಸ್ತಿ ಅಲುಗಿದರೆ ರೆಸಿಸ್ಟರ್ ದೊಡ್ಡದು ಮಾಡಿ. ಮುಗಿಯಿತು.

ಈಗ ಗಾಂಧಾರ. ಚಿಪ್ಪಿನಲ್ಲಿ ಸ 478, ಗ 379. ಭಾಗಿಸಿ ನೋಡಿ, 1.261. ಕಿವಿ ಕೇಳೋದು 1.25, ಅಂದರೆ 5ಕ್ಕೆ 4. ಷಡ್ಜದ ಐದನೇ ಹಾರ್ಮೋನಿಕ್ ಮತ್ತು ಗಾಂಧಾರದ ನಾಲ್ಕನೆಯದು ಒಂದೇ ಜಾಗದಲ್ಲಿ ಕೂರಬೇಕು. ಇಲ್ಲಿ ಕೂರಲ್ಲ. ನಿಮ್ಮ ತಾಯಿಯ ಮಂದ್ರದ ಐದೂವರೆಯಲ್ಲಿ ಒಂದು ಸುಮಾರು 1038 ಹರ್ಟ್ಸ್, ಇನ್ನೊಂದು 1047ರ ಹತ್ತಿರ. ವ್ಯತ್ಯಾಸ ಸೆಕೆಂಡಿಗೆ ಎಂಟೊಂಬತ್ತು ಸಲ. ಅದೇ ಚಳಿ. ಇದು ಚಿಪ್ಪಿನ ತಪ್ಪಲ್ಲ. ಪಾಶ್ಚಾತ್ಯರ ಸಮಪಾಲಿನ ಶ್ರುತಿ ಹಾಗೇ ಇರೋದು. ಯಾವ ಸ್ವರದಿಂದ ಬೇಕಾದರೂ ಹಾಡು ಶುರು ಮಾಡಲಿ ಅಂತ ಎಲ್ಲಾ ಸ್ವರಕ್ಕೂ ಚೂರು ಚೂರು ಅನ್ಯಾಯ ಹಂಚಿದ್ದಾರೆ. ನಿಮ್ಮ ತಾಯಿ ಯಾವಾಗಲೂ ಸಿ ಕೀಲಿಯಿಂದಲೇ ಶುರು ಮಾಡುತ್ತಾರೆ. ಶ್ರುತಿ ಬದಲಿಸೋಕೆ ನಾಬ್ ಇದೆ. ಅಂದಮೇಲೆ ಅನ್ಯಾಯ ಯಾಕೆ ಸಹಿಸಬೇಕು?

ನನ್ನ ಹಳೇ ಡೈರಿಯಲ್ಲಿ ಒಂದು ಲೆಕ್ಕ ಇದೆ. 478 ಬಿಡಿ, ಷಡ್ಜವನ್ನು 480 ಮಾಡಿ. ಏನಾಗುತ್ತದೆ ನೋಡಿ. ಶುದ್ಧ ರಿ 450, ಸಾಧಾರಣ ಗ 400, ಅಂತರ ಗ 384, ಮ 360, ಪ 320, ಶುದ್ಧ ಧ 300, ಚತುಶ್ರುತಿ ಧ 288, ಕೈಶಿಕಿ ನಿ 270, ಕಾಕಲಿ ನಿ 256. ಒಂದಕ್ಕೂ ಚುಕ್ಕಿ ಇಲ್ಲ, ಪೂರ್ತಿ ಸಂಖ್ಯೆ! ಪ್ರತಿ ಮ ಮಾತ್ರ 341.33, ಹೋಗಲಿ 341 ಹಾಕಿ. ಚತುಶ್ರುತಿ ರಿಷಭಕ್ಕೆ 432 ಸರಿಯಾಗಿ ಕೂರುತ್ತದೆ, 10ಕ್ಕೆ 9. ನಾನು ಇದನ್ನು ಯಾವತ್ತೂ ಕಟ್ಟಲಿಲ್ಲ. ಎಸ್.ಪಿ. ರೋಡಿನಲ್ಲಿ ಚಿಪ್ಪು ಕೊಂಡು ತಂದು, ಬೋರ್ಡ್ ತುಂಬಾ ಜೋಡಿಸಬೇಕಿತ್ತು. ಸಂಸಾರ, ಮಕ್ಕಳ ಸ್ಕೂಲು, ಆಗಲಿಲ್ಲ. ನೀವು ಸಾಫ್ಟ್‌ವೇರಿನವರು, ನಿಮಗೆ ಈಗ ಅಂಗೈಯಗಲದ ಬೋರ್ಡಿನಲ್ಲಿ ಆಗುತ್ತದೆ.

ಹಳೆ ಎಂಕೆ ಚಿಪ್ಪನ್ನು ಹುಷಾರಾಗಿ ತೆಗೆದು ಕಪ್ಪು ಸ್ಪಂಜಿನಲ್ಲಿ ಚುಚ್ಚಿಡಿ. ಸ್ಥಾಯೀವಿದ್ಯುತ್ ತಗುಲಿದರೆ ಸಾಯುತ್ತದೆ, ಈಗ ಹೊಸದು ತಯಾರಾಗಲ್ಲ.

ಪೆಡಲ್_ಪುಟ್ಟ:

ಸಾರ್, ಆ 480ರ ಸಾಲು ಓದಿ ರಾತ್ರಿ ನಿದ್ದೆ ಬರಲಿಲ್ಲ.

ಪಿಕೊ 2 ಅಂತ ರಾಸ್‌ಬೆರಿ ಪೈಯವರ ಬೋರ್ಡ್ ಇದೆ, 2024ರಲ್ಲಿ ಬಂದದ್ದು. ಅದರ ಚಿಪ್ಪಿನೊಳಗೆ ಮುಖ್ಯ ಪ್ರೊಸೆಸರ್ ಅಲ್ಲದೆ, ತಮ್ಮ ಪಾಡಿಗೆ ತಾವು ಎಣಿಸಿಕೊಂಡು ಕಾಲು ಮೇಲೆ ಕೆಳಗೆ ಮಾಡುವ ಸಣ್ಣ ಯಂತ್ರಗಳಿವೆ. ಎಷ್ಟು ಗೊತ್ತಾ? ಸರಿಯಾಗಿ ಹನ್ನೆರಡು. ಹಿಂದಿನ ಪಿಕೊದಲ್ಲಿ ಎಂಟೇ ಇದ್ದವು. ಸ್ವರಕ್ಕೆ ಒಂದರಂತೆ ಹಂಚಿದೆ. ಮೇಲಿನ ಸಿ ಹೇಗೂ ಕೆಳಗಿನದರ ದುಪ್ಪಟ್ಟು. ಮೇಲಿನ ಸಿಯನ್ನೇ ಎಣಿಸಿ, ಅದರ ಅರ್ಧವನ್ನು ಬೋರ್ಡಿನಲ್ಲಿ ಒಂದು ಫ್ಲಿಪ್-ಫ್ಲಾಪ್ ಹಾಕಿ ತೆಗೆದೆ.

ಪಿಕೊ ಹೊರಗೆ ಕೊಡೋದು 3.3 ವೋಲ್ಟ್, ಆರ್ಗನ್ ಕೇಳೋದು 12. ಎರಡು ಯುಎಲ್‌ಎನ್2003 ಡ್ರೈವರ್ ಚಿಪ್, ಒಂದೊಂದರಲ್ಲಿ ಏಳು ದಾರಿ, 12 ವೋಲ್ಟಿಗೆ ಎಳೆಯುವ ರೆಸಿಸ್ಟರ್‌ಗಳು. ಅಲೆ ತಲೆಕೆಳಗಾಗುತ್ತದೆ, ಚೌಕದ ಅಲೆ ತಲೆಕೆಳಗಾದರೆ ಕಿವಿಗೇನು. ಹಳೆ ಚಿಪ್ಪಿನ ಸಾಕೆಟ್‌ಗೆ ಸೇರುವ ಹಾಗೆ 16 ಕಾಲಿನ ಪ್ಲಗ್ ಮಾಡಿದೆ. ಬೆಸುಗೆ ನೋಡಿದರೆ ಜೇನುಹುಟ್ಟಿನ ಹಾಗಿದೆ, ಫೋಟೋ ಹಾಕಲ್ಲ.

ಮೊದಲ ರಾತ್ರಿ ಸಾರ್ ಕೊಟ್ಟ ಸಂಖ್ಯೆಗಳನ್ನೇ ಹಾಕಿದೆ. ಬೆಳಗ್ಗೆ ಅಮ್ಮ ಕೂತರು. ಸ ಹಿಡಿದರು, ಗ ಸೇರಿಸಿದರು. ಏನೂ ಹೇಳಲಿಲ್ಲ. ಇನ್ನೊಂದು ಸಲ ಒತ್ತಿದರು. ಪ ಸೇರಿಸಿದರು. ಮೂರೂ ಹಿಡಿದುಕೊಂಡು ಹಾಗೇ ಕೂತುಬಿಟ್ಟರು. ಆ ಸದ್ದು ಹೇಗಿತ್ತು ಅಂದರೆ, ಮೂರು ಕೀಲಿ ಅನ್ನಿಸುತ್ತಲೇ ಇರಲಿಲ್ಲ. ನಿಂತ ನೀರಿನ ಹಾಗೆ. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದವನು ಲಟ್ಟಣಿಗೆ ಹಿಡಿದುಕೊಂಡೇ ಬಂದೆ.

ಆಮೇಲೆ ಕಲ್ಯಾಣಿ ಶುರು ಮಾಡಿದರು. ಮುಖ ಹಿಂಡಿದರು. 'ಗಾಂಧಾರ ಸರಿ ಹೋಯ್ತು. ರಿಷಭ ಯಾಕೆ ಸೊರಗಿದೆ? ಪಂಚಮದ ಜೊತೆ ಜಗಳ ಆಡ್ತಿದೆ.'

ಲೆಕ್ಕ ಹಾಕಿದೆ. 432ನ್ನು 320ರಿಂದ ಭಾಗಿಸಿದರೆ 1.35. ರಿ-ಪ ಕೂಡಬೇಕಾದರೆ 1.333 ಬೇಕು. ಸಾರ್, ಚುಕ್ಕಿ ಇಲ್ಲದ ಸಂಖ್ಯೆ ನೋಡಿ ಮೋಸ ಹೋಗಿದ್ದೆವು! 480ನ್ನು 9ಕ್ಕೆ 8ರ ಲೆಕ್ಕದಲ್ಲಿ ಇಳಿಸಿದರೆ 426.67, ಅದನ್ನು ಒರಟಾಗಿ 427 ಮಾಡಿದರೂ ಪಂಚಮದ ಜೊತೆ 1.334. ಪಿಕೊ ಬಹಳ ವೇಗವಾಗಿ ಎಣಿಸುವುದರಿಂದ ನನಗೆ 480ರಲ್ಲೇ ನಿಲ್ಲುವ ಗರಜು ಇಲ್ಲ. ಎಲ್ಲವನ್ನೂ 75ರಿಂದ ಗುಣಿಸಿದೆ. ಷಡ್ಜ 36000, ಗ 28800, ಪ 24000, ರಿ ಸರಿಯಾಗಿ 32000. ಪ್ರತಿ ಮಧ್ಯಮವೂ 25600, ಅದರ ಚುಕ್ಕಿಯೂ ಹೋಯಿತು. ನಾಬ್ ತಿರುಗಿಸಿದರೆ ಎಲ್ಲಾ ಸಂಖ್ಯೆಯೂ ಒಟ್ಟಿಗೆ ಹಿಗ್ಗುತ್ತದೆ. ಎಲ್‌ಟಿಸಿ ಈಗ ಕೆಲಸವಿಲ್ಲದೆ ಕೂತಿದೆ, ಪಾಪ.

ರಿಷಭ ಹಾಕಿದ ಮೇಲೆ ಅಮ್ಮ, 'ಮೊದಲೇ ಹೀಗೆ ಮಾಡೋಕೆ ಏನಾಗಿತ್ತು' ಅಂದರು.

ತಂಬೂರಿ ಮೇಡಂ, ನಿಮ್ಮ ಪ್ರಶ್ನೆಗೆ: ಹಳೆಯ ಪಿಕೊ ಒಂದು ಡ್ರಾಯರ್‌ನಲ್ಲಿ ಬಿದ್ದಿತ್ತು. ಅದನ್ನು ಶ್ರುತಿಗೆ ಮಾತ್ರ ಬಿಟ್ಟಿದ್ದೇನೆ. ಮಂದ್ರ ಷಡ್ಜ, ಪಂಚಮ, ಷಡ್ಜ, ಇಷ್ಟೇ. ಅಮ್ಮ ಪೆಡಲ್ ಮುಟ್ಟುತ್ತಲೇ ಇರಲಿಲ್ಲ, ಅದಕ್ಕೆ ಪೆಡಲ್‌ಗಳನ್ನೇ ಸ್ವಿಚ್ ಮಾಡಿದೆ. ಮೊದಲನೆಯದು ಒತ್ತಿದರೆ ಸ-ಪ ಶುರುವಾಗಿ ನಿಲ್ಲುತ್ತದೆ, ಎರಡನೆಯದು ಸ-ಮ, ಮೂರನೆಯದು ಆಫ್. ಮೇಲಿನ ಸ್ವರ ಜಾರಿದರೂ ಕೆಳಗಿನದು ಜಾರಲ್ಲ. ಗಮಕ ಹಾಕಲು ಹೋಗಿಲ್ಲ. ಸರಿ, ಒಂದು ಸಲ ಹೋದೆ. ಅಮ್ಮ ನೋಡಿದ ನೋಟಕ್ಕೆ ನಿಲ್ಲಿಸಿದೆ.

ತಂಬೂರಿ_ಶಿವಮೊಗ್ಗ:

ನಿಮ್ಮ ತಾಯಿಯನ್ನು ನೋಡಬೇಕು ಅನ್ನಿಸುತ್ತಿದೆ. ಶಿವಮೊಗ್ಗ ಕಡೆ ಬಂದರೆ ಕರೆತನ್ನಿ.

ಆದರೆ ಒಂದು ನೋಡಿ. ಆ ಧೈವತ 288 ಅಂದಿರಲ್ಲ, ಅಂದರೆ ನಿಮ್ಮ ಈಗಿನ ಲೆಕ್ಕದಲ್ಲಿ 21600. ಮೋಹನದಲ್ಲಿ ರಿಷಭದ ಜೊತೆ ಧೈವತ ಹಿಡಿಸಿ ಕೇಳಿ. ನನಗೆ ಅದೂ ಸ್ವಲ್ಪ ತಗ್ಗು ಅನ್ನಿಸುತ್ತದೆ. ರಿಷಭದಿಂದ ಪಂಚಮದಷ್ಟು ದೂರ ಇರಬೇಕಲ್ವಾ?

ಹಳೇ_ವಾಲ್ವ್:

32000ನ್ನು ಒಂದೂವರೆಯಿಂದ ಭಾಗಿಸಿದರೆ 21333. ಮೇಡಂ ಹೇಳಿದ್ದು ಸರಿ. ಆದರೆ ಹಾಗೆ ಏರಿಸಿದರೆ ಮಧ್ಯಮದ ಜೊತೆ ಕೆಡುತ್ತದೆ, 27000ಕ್ಕೆ 21600 ಸರಿಯಾಗಿ ಗಾಂಧಾರದ ದೂರ. ಎರಡೂ ಒಟ್ಟಿಗೆ ಸಿಗಲ್ಲ. ಪುಟ್ಟ, ಇನ್ನೂ ಹತ್ತು ಪೆಡಲ್ ಖಾಲಿ ಇದೆ ತಾನೆ? ಒಂದನ್ನು ಧೈವತಕ್ಕೆ ಕೊಡಿ. ಮೋಹನಕ್ಕೆ ಒಂದು, ಹರಿಕಾಂಭೋಜಿಗೆ ಒಂದು.

ಸೋಲ್ಡರ್_ಸೀನ:

ಲೋ ಪುಟ್ಟ, ಆ ಊರಲ್ಲಿ ಇನ್ನೊಂದು ಪುಕ್ಕಟೆ ಆರ್ಗನ್ ಇದ್ದರೆ ಹೇಳು. ನಾನು ಜರ್ಮನಿಯಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿದ್ದೇನೆ, ಗಾಡಿ ಇದೆ. ಹೆಂಡತಿಗೆ ಹೇಳಿಲ್ಲ.

ಪೆಡಲ್_ಪುಟ್ಟ:

ಸೀನಣ್ಣ, ಸದ್ಯಕ್ಕೆ ಎರಡಿವೆ. ಒಂದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಜನ ನೀನೇ ಕರ್ಕೊಂಡು ಬಾ.

ಸಾರ್, ನಾಲ್ಕನೇ ಪೆಡಲ್ ಧೈವತಕ್ಕೆ ಕೊಟ್ಟೆ. ಅಮ್ಮ ಹೋಗಲು ಇನ್ನು 41 ದಿನ ಇದೆ. ಪೆಡಲ್ ಒಂಬತ್ತು ಉಳಿದಿವೆ.